ಗಾಳಿಗೂ ಶ್ವಾಸಕೋಶಕ್ಕೂ ‘ನೇರ ಸಂಬಂಧ’: ಇಲ್ಲ ಎಂದದ್ದು ಯಾವುದಕ್ಕೆ?

ದೆಹಲಿಯ ಗಾಳಿಯ ಗುಣಮಟ್ಟ ಸೂಚ್ಯಂಕ (ಎಕ್ಯೂಐ) 400ರ ಆಸುಪಾಸಿನಲ್ಲಿ ಓಡಾಡುತ್ತಿದ್ದ 2025ರ ಡಿಸೆಂಬರ್‌ನಲ್ಲೇ ಕೇಂದ್ರ ಪರಿಸರ ಸಚಿವಾಲಯ ರಾಜ್ಯಸಭೆಗೆ ಒಂದು ಲಿಖಿತ ಉತ್ತರ ಕೊಟ್ಟಿತು. ಎಕ್ಯೂಐ ಏರಿಕೆಗೂ ಶ್ವಾಸಕೋಶದ ಕಾಯಿಲೆಗಳಿಗೂ ನೇರ ಸಂಬಂಧವಿದೆ ಎಂದು ಸಾಬೀತುಪಡಿಸುವ ನಿರ್ಣಾಯಕ ದತ್ತಾಂಶ ಇಲ್ಲ ಎಂಬುದು ಅದರ ಸಾರ. ಉಸಿರಾಟದ ತೊಂದರೆಗಳನ್ನು ಕೆರಳಿಸುವ ಅಂಶಗಳಲ್ಲಿ ವಾಯುಮಾಲಿನ್ಯವೂ ಒಂದು ಎಂಬ ಮಾತು ಅದೇ ಉತ್ತರದಲ್ಲಿತ್ತು. ಮೊದಲ ಮಾತು ಎಲ್ಲ ಕಡೆ ಶೀರ್ಷಿಕೆಯಾಯಿತು. ಎರಡನೆಯದು ಸುದ್ದಿಯ ಕೊನೆಯ ಪ್ಯಾರಾದಲ್ಲಿ ಉಳಿಯಿತು.

ಓದಿದವರಿಗೆ ತಲೆ ಕೆಡುವುದು ಸಹಜ. ಒಂದೆಡೆ, ಸಾಧ್ಯವಿದ್ದರೆ ಚಳಿಗಾಲದಲ್ಲಿ ದೆಹಲಿ ಬಿಟ್ಟಿರಿ ಎಂದು ವೈದ್ಯರು ರೋಗಿಗಳಿಗೆ ಹೇಳುತ್ತಾರೆ. ಶಾಲೆಗಳಿಗೆ ರಜೆ ಕೊಡುವುದೂ ಸರ್ಕಾರವೇ. ಇನ್ನೊಂದೆಡೆ, ಪುರಾವೆ ಇಲ್ಲ ಎನ್ನುವುದೂ ಅದೇ ಸರ್ಕಾರ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿರುವ ಈ ಉತ್ತರ ಪೂರ್ತಿ ಸುಳ್ಳಲ್ಲ. ಹಾಗೆಂದು ಜನ ಅರ್ಥ ಮಾಡಿಕೊಂಡ ರೀತಿಯಲ್ಲಿ ಅದು ನಿಜವೂ ಅಲ್ಲ. ಗೊಂದಲ ಬಿಡಿಸಬೇಕಾದರೆ ಗಾಳಿಗೂ ಕಾಯಿಲೆಗೂ ನಡುವೆ ಇರುವ, ನಮ್ಮಲ್ಲಿ ಯಾರೂ ಹೆಚ್ಚಾಗಿ ಅಳೆಯದ ಒಂದು ಸಂಗತಿಯನ್ನು ನೋಡಬೇಕು. ಅದು ಶ್ವಾಸಕೋಶದ ಸಾಮರ್ಥ್ಯ.

ಪ್ರಶ್ನೆಯೂ ಸಡಿಲ, ಉತ್ತರವೂ ಸಡಿಲ

ಸಚಿವರ ಮುಂದಿದ್ದ ಪ್ರಶ್ನೆ ಕೇಳಿದವರು ಆಡಳಿತ ಪಕ್ಷದ ಸದಸ್ಯರೇ. ದೀರ್ಘಕಾಲ ಕೆಟ್ಟ ಗಾಳಿ ಕುಡಿದ ದೆಹಲಿಯವರಲ್ಲಿ ಲಂಗ್ ಫೈಬ್ರೋಸಿಸ್ ಕಾಣಿಸುತ್ತಿದೆಯೇ, ಒಳ್ಳೆಯ ಗಾಳಿಯ ಊರಿನವರಿಗಿಂತ ಅವರ ಶ್ವಾಸಕೋಶದ ಹಿಗ್ಗುವ ಗುಣ ಅರ್ಧದಷ್ಟು ಕುಸಿದಿದೆಯೇ ಎಂಬುದು ಅದರ ತಿರುಳು. ಇಲ್ಲೇ ಮೊದಲ ಗಂಟು. ಫೈಬ್ರೋಸಿಸ್ ಎಂದರೆ ಶ್ವಾಸಕೋಶದ ಅಂಗಾಂಶದಲ್ಲಿ ಗಾಯದ ಕಲೆಯಂಥ ಗಟ್ಟಿ ನಾರು ಬೆಳೆಯುವ ನಿರ್ದಿಷ್ಟ ರೋಗ. ಊರಿನ ಗಾಳಿ ಸಾಮಾನ್ಯವಾಗಿ ಮಾಡುವ ಹಾನಿ ಅದಲ್ಲ. ಗಾಳಿ ಮೊದಲು ಕೈ ಹಾಕುವುದು ಸಣ್ಣ ಶ್ವಾಸನಾಳಗಳ ಮೇಲೆ. ಅರ್ಧಕ್ಕರ್ಧ ಕುಸಿತ ಎಂಬುದಂತೂ ದೊಡ್ಡ ಅಳತೆಯ ಅಧ್ಯಯನಗಳಲ್ಲಿ ಕಂಡುಬರುವ ಪ್ರಮಾಣಕ್ಕಿಂತ ಬಹಳ ಹೆಚ್ಚು. ಅಂಥ ಪ್ರಶ್ನೆಗೆ ‘ಹೌದು’ ಎನ್ನಲು ಯಾವ ವಿಜ್ಞಾನಿಗೂ ಕಷ್ಟ.

ಉತ್ತರದಲ್ಲಿರುವ ಗಂಟು ಇನ್ನೂ ಬಿಗಿಯಾದದ್ದು. ‘ವಾಯುಮಾಲಿನ್ಯ’ ಎನ್ನುವ ಜಾಗದಲ್ಲಿ ಅಲ್ಲಿ ‘ಎಕ್ಯೂಐ’ ಇದೆ. ಓದುಗರಿಗೆ ಎರಡೂ ಒಂದೇ ಅನ್ನಿಸುತ್ತದೆ. ಒಂದೇ ಆಗಿದ್ದರೆ ಉತ್ತರವನ್ನು ಸಾರಾಸಗಟಾಗಿ ತಳ್ಳಿಹಾಕಬಹುದಿತ್ತು. ಹೊರಗಾಳಿಯ ಮಾಲಿನ್ಯ ಶ್ವಾಸಕೋಶದ ಕ್ಯಾನ್ಸರ್‌ಗೆ ಖಚಿತ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2013ರಲ್ಲೇ ವರ್ಗೀಕರಿಸಿದೆ. ತಂಬಾಕು, ಕಲ್ನಾರು ಇರುವ ಮೊದಲ ಗುಂಪಿನಲ್ಲೇ ಅದನ್ನೂ ಇಟ್ಟಿದೆ. ಕ್ಯಾನ್ಸರ್ ಶ್ವಾಸಕೋಶದ ಕಾಯಿಲೆಯಲ್ಲ ಎಂದು ಯಾರೂ ವಾದಿಸಲಾರರು.

ಎಕ್ಯೂಐ ಏನನ್ನು ಹೇಳುತ್ತದೆ

ಭಾರತದಲ್ಲಿ ಎಕ್ಯೂಐ ಬಳಕೆಗೆ ಬಂದದ್ದು 2014–15ರಲ್ಲಿ. ಎಂಟು ಮಾಲಿನ್ಯಕಾರಕಗಳ ಅಳತೆಗಳನ್ನು ತೆಗೆದುಕೊಂಡು, ಯಾವುದು ಅತ್ಯಂತ ಕೆಟ್ಟದಾಗಿದೆಯೋ ಅದರ ಅಂಕವನ್ನೇ ಆ ಜಾಗದ ಅಂಕ ಎಂದು ಘೋಷಿಸುತ್ತಾರೆ. ಶಾಲೆಯ ಅಂಕಪಟ್ಟಿಯಲ್ಲಿ ಅತಿ ಕಡಿಮೆ ಬಂದ ವಿಷಯದ ಅಂಕವನ್ನೇ ಫಲಿತಾಂಶ ಎಂದ ಹಾಗೆ. ಇವತ್ತು ಬೆಳಿಗ್ಗೆ ಮಕ್ಕಳನ್ನು ಆಟಕ್ಕೆ ಬಿಡಬೇಕೇ ಬೇಡವೇ ಎಂದು ತಿಳಿಸಲು ಅದು ಒಳ್ಳೆಯ ಸಾಧನ. ಅದಕ್ಕೆಂದೇ ಮಾಡಿದ್ದು.

ಆದರೆ ಕಾಯಿಲೆಯ ಲೆಕ್ಕಕ್ಕೆ ಅದು ಒದಗುವುದಿಲ್ಲ. ರಸ್ತೆ ಕಾಮಗಾರಿಯ ದೂಳಿನಿಂದಲೂ 150 ಬರಬಹುದು, ಡೀಸೆಲ್ ಹೊಗೆಯ ಸೂಕ್ಷ್ಮ ಕಣಗಳಿಂದಲೂ 150 ಬರಬಹುದು. ಫಲಕದ ಮೇಲೆ ಸಂಖ್ಯೆ ಒಂದೇ. ಒಳಗೆ ಆಗುವುದು ಬೇರೆ ಬೇರೆ. ದೂಳಿನ ದಪ್ಪ ಕಣಗಳಲ್ಲಿ ಹೆಚ್ಚಿನವು ಮೂಗು, ಗಂಟಲಲ್ಲೇ ಸಿಕ್ಕಿಬೀಳುತ್ತವೆ. ಕೂದಲೆಳೆಯ ಮೂವತ್ತರಲ್ಲೊಂದು ಭಾಗದಷ್ಟೂ ದಪ್ಪವಿಲ್ಲದ ಪಿಎಂ 2.5 ಕಣಗಳು ಗಾಳಿಗೂಡುಗಳವರೆಗೆ ಇಳಿಯುತ್ತವೆ. ಭಾರತದ ಎಕ್ಯೂಐ 500ಕ್ಕೆ ನಿಂತುಬಿಡುತ್ತದೆ. ಅದರಾಚೆ ಗಾಳಿ ಎಷ್ಟೇ ಕೆಟ್ಟರೂ ಸಂಖ್ಯೆ ಅಲ್ಲಾಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಎಕ್ಯೂಐ ಒಂದು ದಿನದ ಮಾತು. ಶ್ವಾಸಕೋಶ ಹಾಳಾಗುವುದು ದಶಕಗಳ ಲೆಕ್ಕ. ಇವತ್ತಿನ ಅಂಕಕ್ಕೂ ಇವತ್ತಿನ ರೋಗಿಗಳ ಸಂಖ್ಯೆಗೂ ಗೆರೆ ಎಳೆದರೆ ಆಸ್ತಮಾ ಕೆರಳಿ ತುರ್ತು ಚಿಕಿತ್ಸೆಗೆ ಬಂದವರು ಕಾಣುತ್ತಾರೆ. ಇಪ್ಪತ್ತು ವರ್ಷಗಳ ನಂತರ ಮೆಟ್ಟಿಲು ಹತ್ತಲಾರದೆ ನಿಲ್ಲುವವರು ಕಾಣುವುದಿಲ್ಲ.

ಹೀಗಾಗಿ ‘ಎಕ್ಯೂಐಗೂ ಕಾಯಿಲೆಗೂ ನೇರ ಸಂಬಂಧ ತೋರಿಸುವ ದತ್ತಾಂಶವಿಲ್ಲ’ ಎಂಬುದು ತಾಂತ್ರಿಕವಾಗಿ ಸಮರ್ಥಿಸಬಹುದಾದ ವಾಕ್ಯ. ಗಡಿಯಾರದಲ್ಲಿ ಜ್ವರ ಎಷ್ಟೆಂದು ಕಾಣುತ್ತಿಲ್ಲ ಎಂದರೆ ಅದೂ ನಿಜವೇ.

ಆರು ಸೆಕೆಂಡಿನ ಪರೀಕ್ಷೆ

ಹಾಗಾದರೆ ಯಾವುದನ್ನು ಅಳೆಯಬೇಕು? ಉತ್ತರ ಹಳೆಯದು. 1846ರಲ್ಲಿ ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಒಂದು ಯಂತ್ರಕ್ಕೆ ಊದಿಸಿ, ಒಬ್ಬ ಮನುಷ್ಯ ಪೂರ್ತಿ ಉಸಿರೆಳೆದು ಎಷ್ಟು ಗಾಳಿ ಹೊರಹಾಕಬಲ್ಲ ಎಂದು ಅಳೆದಿದ್ದ. ಆ ಅಳತೆಗೆ ಆತ ಇಟ್ಟ ಹೆಸರಿನ ಅರ್ಥವೇ ‘ಜೀವಸಾಮರ್ಥ್ಯ’. ಜೀವವಿಮೆ ಕಂಪನಿಗಳಿಗೆ ಇದು ಉಪಯೋಗಕ್ಕೆ ಬರುತ್ತದೆ ಎಂದೂ ಸೂಚಿಸಿದ್ದ. ವ್ಯವಹಾರದ ಮೂಗು ಚುರುಕಾಗಿಯೇ ಇತ್ತು ಅನ್ನಬೇಕು.

ಇಂದಿನ ಸ್ಪೈರೋಮೆಟ್ರಿ ಅದರ ಮೊಮ್ಮಗು. ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ರಟ್ಟಿನ ಕೊಳವೆ ಕೊಡುತ್ತಾರೆ. ‘ಪೂರ್ತಿ ಎಳ್ಕೊಳ್ಳಿ, ಈಗ ಜೋರಾಗಿ ಊದಿ... ಊದಿ, ಊದಿ, ಊದ್ತಾನೇ ಇರಿ, ನಿಲ್ಲಿಸ್ಬೇಡಿ’ ಎಂದು ತಂತ್ರಜ್ಞರು ಪಕ್ಕದಲ್ಲಿ ನಿಂತು ಹುರಿದುಂಬಿಸುತ್ತಾರೆ. ಆರು ಸೆಕೆಂಡು ಊದುವುದೆಂದರೆ ಆರೋಗ್ಯವಂತರಿಗೂ ಕಣ್ಣು ಕತ್ತಲಿಡುತ್ತದೆ. ಮೂರು ಸಲವಾದರೂ ಸರಿಯಾಗಿ ಊದಬೇಕು. ಕೊನೆಗೆ ಯಂತ್ರ ಎರಡು ಮುಖ್ಯ ಸಂಖ್ಯೆಗಳನ್ನು ಕೊಡುತ್ತದೆ. ಒಟ್ಟು ಎಷ್ಟು ಗಾಳಿ ಹೊರಬಂತು ಎಂಬುದು ಎಫ್‌ವಿಸಿ. ಮೊದಲ ಒಂದು ಸೆಕೆಂಡಿನಲ್ಲೇ ಎಷ್ಟು ಬಂತು ಎಂಬುದು ಎಫ್‌ಇವಿ1.

ಎರಡನೆಯದು ಕಡಿಮೆಯಾಗಿ ಮೊದಲನೆಯದು ಸರಿ ಇದ್ದರೆ ಕೊಳವೆಗಳಲ್ಲಿ ಅಡಚಣೆ ಇದೆ ಎಂದರ್ಥ. ಆಸ್ತಮಾ, ಶ್ವಾಸನಾಳಗಳು ಕಿರಿದಾಗಿಯೇ ಉಳಿದುಬಿಡುವ ದೀರ್ಘಕಾಲದ ಕಾಯಿಲೆ ಸಿಒಪಿಡಿ ಈ ಬಗೆಯವು. ಎರಡೂ ಜೊತೆಯಾಗಿ ಕುಗ್ಗಿದ್ದರೆ ಶ್ವಾಸಕೋಶವೇ ಚಿಕ್ಕದಾಗಿದೆ ಅಥವಾ ಬಿಗಿದುಕೊಂಡಿದೆ ಎಂಬ ಅನುಮಾನ ಬರುತ್ತದೆ. ಫೈಬ್ರೋಸಿಸ್, ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್, ಬಾಲ್ಯದಲ್ಲಿ ಬೆಳವಣಿಗೆ ಕುಂಠಿತವಾಗಿರುವುದು ಈ ಕಡೆಗೆ ಸೇರುತ್ತವೆ. ರಾಜ್ಯಸಭೆಯ ಪ್ರಶ್ನೆ ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಿತ್ತು.

ಏರುವ ಕಾಲ, ಇಳಿಯುವ ಕಾಲ

ಶ್ವಾಸಕೋಶದ ಸಾಮರ್ಥ್ಯ ಹುಟ್ಟಿನಿಂದ ಏರುತ್ತಾ ಇಪ್ಪತ್ತರಿಂದ ಇಪ್ಪತ್ತೈದರ ವಯಸ್ಸಿಗೆ ಶಿಖರ ಮುಟ್ಟುತ್ತದೆ. ಆಮೇಲೆ ಏನೂ ಕೆಟ್ಟ ಅಭ್ಯಾಸವಿಲ್ಲದವರಲ್ಲೂ ಎಫ್‌ಇವಿ1 ವರ್ಷಕ್ಕೆ 25–30 ಮಿ.ಲೀ.ನಷ್ಟು ಇಳಿಯುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಹಲವರಿಗೆ ಈ ಇಳಿತ ಹೆಚ್ಚುಕಡಿಮೆ ದುಪ್ಪಟ್ಟು. ಸೇದುವುದನ್ನು ಬಿಟ್ಟರೆ ಇಳಿತದ ವೇಗ ಸಾಮಾನ್ಯಕ್ಕೆ ಮರಳುತ್ತದೆ. ಕಳೆದದ್ದು ಮಾತ್ರ ಬಹುಮಟ್ಟಿಗೆ ಮರಳುವುದಿಲ್ಲ. 1960ರ ದಶಕದಲ್ಲಿ ಲಂಡನ್ನಿನ ನೌಕರರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಿಂದ ಬ್ರಿಟನ್ನಿನ ಸಂಶೋಧಕರಾದ ಫ್ಲೆಚರ್ ಮತ್ತು ಪೀಟೊ ಕಂಡುಕೊಂಡದ್ದು ಇದನ್ನೇ.

ಒಂದು ಒರಟು ಲೆಕ್ಕ ಹಾಕೋಣ. ಇಪ್ಪತ್ತೈದರಲ್ಲಿ 4 ಲೀಟರ್ ಇದ್ದ ಗಂಡಸು ವರ್ಷಕ್ಕೆ 30 ಮಿ.ಲೀ. ಕಳೆದುಕೊಂಡರೆ ಎಪ್ಪತ್ತೈದರಲ್ಲಿ 2.5 ಲೀಟರ್ ಉಳಿಯುತ್ತದೆ. ಮೊಮ್ಮಕ್ಕಳ ಹಿಂದೆ ಓಡಾಡಲು ಸಾಕು. ಬಾಲ್ಯದ ಹೊಗೆಯಿಂದಲೋ ಪದೇ ಪದೇ ಬಂದ ನ್ಯುಮೋನಿಯಾದಿಂದಲೋ ಶಿಖರವೇ 3.2 ಲೀಟರ್‌ಗೆ ನಿಂತವನಲ್ಲಿ ಅದೇ ಇಳಿತಕ್ಕೆ 1.7 ಲೀಟರ್ ಉಳಿಯುತ್ತದೆ. ಅವನೇ ದೂಳಿನ ಕೆಲಸಕ್ಕೆ ಸೇರಿ ವರ್ಷಕ್ಕೆ 60 ಮಿ.ಲೀ. ಕಳೆದುಕೊಂಡರೆ ಅರವತ್ತಕ್ಕೇ 1.1 ಲೀಟರ್. ಆಗ ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳುವುದರಲ್ಲೇ ದಮ್ಮು ಬರುತ್ತದೆ.

ಇದು ಬರೀ ಊಹೆಯಲ್ಲ. ಸಿಒಪಿಡಿ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇಳಿತ ವೇಗವಾಗಿ ಆಗಿರಲೇ ಇಲ್ಲ, ಅವರ ಶಿಖರವೇ ಕೆಳಗಿತ್ತು ಎಂದು ಡೆನ್ಮಾರ್ಕ್ ಮತ್ತು ಅಮೆರಿಕದ ದೀರ್ಘಕಾಲೀನ ಅಧ್ಯಯನಗಳನ್ನು ಜೋಡಿಸಿದ 2015ರ ವರದಿ ತೋರಿಸಿತು. ಅಲ್ಲಿಯವರೆಗೆ ಸಿಒಪಿಡಿ ಎಂದರೆ ಸೇದುವ ಗಂಡಸರ ಇಳಿವಯಸ್ಸಿನ ರೋಗ ಎಂಬ ಗಟ್ಟಿ ನಂಬಿಕೆ ಇತ್ತು.

ಶಿಖರ ತಗ್ಗುವುದು ಎಲ್ಲಿಂದ ಶುರುವಾಗುತ್ತದೆ ಎಂಬುದಕ್ಕೆ ಮೈಸೂರಿನಲ್ಲೇ ಒಂದು ಅಪರೂಪದ ಸಾಕ್ಷ್ಯವಿದೆ. ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆ, 1930ರ ದಶಕದಿಂದಲೂ ಅಲ್ಲಿ ಹುಟ್ಟಿದ ಕೂಸುಗಳ ತೂಕವನ್ನು ಬರೆದಿಟ್ಟುಕೊಂಡಿತ್ತು. ಆ ಕಡತ ಹಿಡಿದು ಸಂಶೋಧಕರು 38ರಿಂದ 59 ವಯಸ್ಸಿನ 286 ಮಂದಿಯನ್ನು ಹುಡುಕಿ ಸ್ಪೈರೋಮೆಟ್ರಿ ಮಾಡಿದರು. ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ತೂಕ ಕಡಿಮೆ ಇದ್ದವರ ಶ್ವಾಸಕೋಶದ ಸಾಮರ್ಥ್ಯ ನಡುವಯಸ್ಸಿನಲ್ಲೂ ಕಡಿಮೆಯೇ ಇತ್ತು. ತಾಯಿಯ ಪೌಷ್ಟಿಕತೆ, ಬಸಿರಿನ ಹೊತ್ತಿನ ಹೊಗೆ, ಅವಧಿಗೆ ಮುಂಚಿನ ಹೆರಿಗೆ, ಯಾವುದೇ ಕಾರಣವಿರಲಿ, ಐವತ್ತು ವರ್ಷಗಳ ನಂತರವೂ ಅದರ ಗುರುತು ಉಸಿರಿನಲ್ಲಿ ಸಿಗುತ್ತದೆ.

ಕ್ಯಾಲಿಫೋರ್ನಿಯಾ ಮಾಡಿದ ಪ್ರಯೋಗ

ಗಾಳಿಯ ಪಾಲನ್ನು ಬೇರ್ಪಡಿಸಿ ನೋಡುವುದು ಹೇಗೆ? ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 1993ರಲ್ಲಿ ಶುರುವಾದ ಅಧ್ಯಯನ ಇದಕ್ಕೆ ದಾರಿ ತೋರಿಸಿತು. ಗಾಳಿಯ ಗುಣಮಟ್ಟದಲ್ಲಿ ವ್ಯತ್ಯಾಸವಿರುವ 12 ಊರುಗಳನ್ನು ಆರಿಸಿಕೊಂಡು, ಅಲ್ಲಿನ 1,759 ಮಕ್ಕಳನ್ನು ಹತ್ತನೇ ವಯಸ್ಸಿನಿಂದ ಹದಿನೆಂಟರವರೆಗೆ ವರ್ಷ ವರ್ಷವೂ ಊದಿಸಿದರು. 2004ರಲ್ಲಿ ಬಂದ ಫಲಿತಾಂಶದ ಪ್ರಕಾರ, ಹದಿನೆಂಟಕ್ಕೆ ಎಫ್‌ಇವಿ1 ನಿರೀಕ್ಷಿತ ಮಟ್ಟದ ಶೇ 80ಕ್ಕಿಂತ ಕೆಳಗಿದ್ದವರ ಪ್ರಮಾಣ ಸೂಕ್ಷ್ಮ ಕಣ ಅತಿ ಕಡಿಮೆಯಿದ್ದ ಕಡೆ ಶೇ 1.6, ಅತಿ ಹೆಚ್ಚಿದ್ದ ಕಡೆ ಶೇ 7.9.

ಊರು ಬೇರೆಯಾದರೆ ಬಡತನ, ಆಹಾರ, ಜನಾಂಗ ಎಲ್ಲವೂ ಬೇರೆ ಇರಬಹುದಲ್ಲ ಎಂಬ ಆಕ್ಷೇಪ ಇದ್ದೇ ಇತ್ತು. ಅದಕ್ಕೆ ಉತ್ತರ ಕಾಲವೇ ಕೊಟ್ಟಿತು. ವಾಹನ, ಇಂಧನ, ಬಂದರುಗಳ ಮೇಲಿನ ಬಿಗಿ ನಿಯಮಗಳಿಂದ ಆ ಊರುಗಳ ಗಾಳಿಯೇ ಚೊಕ್ಕಟವಾಗುತ್ತಾ ಬಂತು. ಅವುಗಳ ಪೈಕಿ ಐದು ಊರುಗಳಲ್ಲಿ ನಂತರ ಬೆಳೆದ ಮಕ್ಕಳನ್ನು ಅಳೆದರು. ಹದಿನೈದನೇ ವಯಸ್ಸಿಗೆ ಸಾಮರ್ಥ್ಯ ತೀರಾ ಕಡಿಮೆಯಿದ್ದವರು 1990ರ ದಶಕದ ಗುಂಪಿನಲ್ಲಿ ಶೇ 7.9 ಇದ್ದರೆ, 2007–11ರ ಗುಂಪಿನಲ್ಲಿ ಶೇ 3.6ಕ್ಕೆ ಇಳಿದಿದ್ದರು. ಅದೇ ಊರು, ಬೇರೆ ಗಾಳಿ, ಬೇರೆ ಶ್ವಾಸಕೋಶ. ಜನರನ್ನು ಪ್ರಯೋಗಶಾಲೆಯಲ್ಲಿ ಕೂಡಿಹಾಕಿ ಹೊಗೆ ಕುಡಿಸಲಾಗದ ಕಾರಣ, ಇದಕ್ಕಿಂತ ಹತ್ತಿರದ ಸಾಕ್ಷ್ಯವನ್ನು ಯಾರೂ ಕೇಳುವಂತಿಲ್ಲ.

‘ಅದು ಅಮೆರಿಕದ ಅಧ್ಯಯನ, ಇಲ್ಲಿನದನ್ನು ಹೇಳಿ’ ಎಂಬ ವಾದ ನಮ್ಮಲ್ಲಿ ಹೊಸದಲ್ಲ. 2019ರ ಡಿಸೆಂಬರ್‌ನಲ್ಲಿ ಅಂದಿನ ಪರಿಸರ ಸಚಿವ ಪ್ರಕಾಶ್ ಜಾವಡೇಕರ್, ಮಾಲಿನ್ಯದಿಂದ ಆಯುಷ್ಯ ಕುಗ್ಗುತ್ತದೆ ಎಂದು ಯಾವ ಭಾರತೀಯ ಅಧ್ಯಯನವೂ ತೋರಿಸಿಲ್ಲ ಎಂದು ಲೋಕಸಭೆಯಲ್ಲಿ ಹೇಳಿದ್ದರು. ವಾದದಲ್ಲಿ ಹುರುಳೇ ಇಲ್ಲ ಎನ್ನಲಾಗದು. ದೆಹಲಿಯ ಗಾಳಿಯಲ್ಲಿ ಲಾಸ್ ಏಂಜಲೀಸ್ ಕಂಡರಿಯದ ಬೆರಕೆ ಇದೆ. ಆದರೆ ಮಾಲಿನ್ಯದ ಪ್ರಮಾಣ ಅಲ್ಲಿಗಿಂತ ಹಲವು ಪಟ್ಟು ಹೆಚ್ಚಿರುವಲ್ಲಿ ಹಾನಿ ಕಡಿಮೆಯಾಗುತ್ತದೆ ಎಂದು ನಂಬಲು ಯಾವ ಆಧಾರವೂ ಇಲ್ಲ.

ದೆಹಲಿಯ ಮಕ್ಕಳ ಕಡತ

ಭಾರತದ್ದೇ ಅಧ್ಯಯನ ಬೇಕೆಂದರೆ ಅದೂ ಇದೆ, ಸರ್ಕಾರಿ ಕಪಾಟಿನಲ್ಲೇ ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗಾಗಿ ಕೋಲ್ಕತ್ತದ ಚಿತ್ತರಂಜನ್ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2002ರಿಂದ 2005ರವರೆಗೆ ದೆಹಲಿಯ 36 ಶಾಲೆಗಳ 11 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ಅಧ್ಯಯನ ನಡೆಸಿತು. ಹೋಲಿಕೆಗೆ ಪಶ್ಚಿಮ ಬಂಗಾಳ ಮತ್ತು ಉತ್ತರಾಖಂಡದ ಹಳ್ಳಿಗಳ ಮಕ್ಕಳನ್ನು ತೆಗೆದುಕೊಂಡರು. ಶ್ವಾಸಕೋಶದ ಸಾಮರ್ಥ್ಯ ಕುಗ್ಗಿದ್ದ ಮಕ್ಕಳು ದೆಹಲಿಯಲ್ಲಿ ಶೇ 43.5, ಹಳ್ಳಿಗಳಲ್ಲಿ ಶೇ 25.7.

ಈ ಅಧ್ಯಯನಕ್ಕೆ ದೌರ್ಬಲ್ಯಗಳಿವೆ. ಹಳ್ಳಿಯ ಮಕ್ಕಳ ಆಹಾರ, ಮೈಕಟ್ಟು, ಮನೆಯ ಒಲೆ ಎಲ್ಲವೂ ಬೇರೆ. ಒಂದು ಸಲ ಅಳೆದು ಬಿಟ್ಟದ್ದರಿಂದ ಮಕ್ಕಳು ಬೆಳೆದಂತೆ ಏನಾಯಿತು ಎಂಬುದು ಗೊತ್ತಾಗುವುದಿಲ್ಲ. ಸರ್ಕಾರ ‘ನಿರ್ಣಾಯಕವಲ್ಲ’ ಎನ್ನುವಾಗ ಬೊಟ್ಟು ಮಾಡಬಹುದಾದ್ದು ಇಂಥ ಕೊರತೆಗಳ ಕಡೆಗೇ. ನ್ಯಾಯವಾದ ಮಾತು. ಆದರೆ ಕೊರತೆಯಿದ್ದ ಅಧ್ಯಯನವನ್ನು ಇನ್ನೂ ಚೆನ್ನಾಗಿ, ಇನ್ನೂ ದೀರ್ಘವಾಗಿ ಮಾಡಿಸಬೇಕಾದವರು ಯಾರು? ದತ್ತಾಂಶ ಸಂಗ್ರಹಿಸುವ ಅಧಿಕಾರ, ಹಣ ಎರಡೂ ಇರುವವರೇ ದತ್ತಾಂಶವಿಲ್ಲ ಎಂದಾಗ ಅದು ವಿವರಣೆಯಾಗುವುದಿಲ್ಲ, ತಪ್ಪೊಪ್ಪಿಗೆಯಾಗುತ್ತದೆ.

ಒಲೆ, ಗಣಿ, ಟಿಬಿ

ಕಾರಣಗಳೆಲ್ಲ ಹೊರಗಾಳಿಯಲ್ಲೇ ಇಲ್ಲ ಎಂಬುದು ಸರ್ಕಾರದ ಪರ ವಾದಿಸುವವರ ಇನ್ನೊಂದು ಅಂಶ. ಇದನ್ನು ಗಂಭೀರವಾಗಿಯೇ ನೋಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ ಪಾಲುದಾರನಾಗಿದ್ದ ರಾಜ್ಯವಾರು ರೋಗಹೊರೆಯ ಅಂದಾಜಿನ ಪ್ರಕಾರ 2016ರಲ್ಲಿ ಭಾರತದಲ್ಲಿ 5.53 ಕೋಟಿ ಸಿಒಪಿಡಿ ರೋಗಿಗಳಿದ್ದರು. 1990ರಲ್ಲಿ ಇದ್ದದ್ದು 2.81 ಕೋಟಿ. ಈ ಹೊರೆಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಮನೆಯೊಳಗಿನ ಮತ್ತು ಹೊರಗಿನ ವಾಯುಮಾಲಿನ್ಯದ್ದು, ಕಾಲು ಭಾಗ ತಂಬಾಕಿನದು, ಆರನೇ ಒಂದರಷ್ಟು ಕೆಲಸದ ಜಾಗದ ದೂಳು–ಹೊಗೆಯದು.

ಮನೆಯೊಳಗೆಂದರೆ ಒಲೆ. ಬಗ್ಗಿ ಊದುಗೊಳವೆಯಲ್ಲಿ ಊದುವ ಹೆಂಗಸು ಒಂದೊಂದು ಊದಿಗೂ ಮುಂಚೆ ಎಳೆದುಕೊಳ್ಳುವುದು ಅದೇ ಹೊಗೆಯ ಗಾಳಿಯನ್ನು. ಸ್ಪೈರೋಮೀಟರಿನ ಮುಂದೆ ಮಾಡುವ ಕಸರತ್ತನ್ನೇ ಆಕೆ ದಿನಕ್ಕೆ ನೂರು ಸಲ ಮಾಡಿರುತ್ತಾಳೆ, ಯಾರೂ ಅಂಕಿ ಬರೆದುಕೊಂಡಿರುವುದಿಲ್ಲ. ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರ ಅಧ್ಯಯನದಲ್ಲಿ ಸಂಶೋಧಕರು ಒಂದು ಸರಳ ಸೂತ್ರ ಬಳಸಿದರು: ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಅಂಥ ವರ್ಷ ಎಷ್ಟು, ಎರಡನ್ನೂ ಗುಣಿಸಿ. ಗುಣಲಬ್ಧ 60 ದಾಟಿದರೆ ದೀರ್ಘಕಾಲದ ಬ್ರಾಂಕೈಟಿಸ್‌ನ, ಎಂದರೆ ಶ್ವಾಸನಾಳದ ಉರಿಯೂತದ ಅಪಾಯ ಎದ್ದು ಕಾಣುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಎಂದರೆ ಅರವತ್ತು. ಹದಿನೆಂಟಕ್ಕೆ ಒಲೆಯ ಮುಂದೆ ಕೂತವಳು ನಲವತ್ತು ತುಂಬುವುದರೊಳಗೆ ಅಲ್ಲಿಗೆ ಬಂದಿರುತ್ತಾಳೆ.

2016ರಲ್ಲಿ ಶುರುವಾದ ಉಜ್ವಲಾ ಯೋಜನೆಯಿಂದ ಗ್ಯಾಸ್ ಕೋಟ್ಯಂತರ ಮನೆ ತಲುಪಿತು. ಆದರೂ ಅಡುಗೆಗೆ ಗ್ಯಾಸು, ಬಚ್ಚಲ ಹಂಡೆಗೆ ಸೌದೆ, ತೆಂಗಿನ ಮಟ್ಟೆ ಎಂಬ ಏರ್ಪಾಡು ನಮ್ಮ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ಇಲ್ಲಿ ಒಂದು ಮುಜುಗರದ ಫಲಿತಾಂಶವನ್ನೂ ಹೇಳಬೇಕು. ಭಾರತವೂ (ಇಲ್ಲಿ ತಮಿಳುನಾಡು) ಸೇರಿ ನಾಲ್ಕು ದೇಶಗಳಲ್ಲಿ ಸುಮಾರು 3,200 ಗರ್ಭಿಣಿಯರ ನಡುವೆ ನಡೆದ ದೊಡ್ಡ ಪ್ರಯೋಗದಲ್ಲಿ, ಸೌದೆ ಬಿಟ್ಟು ಗ್ಯಾಸ್ ಬಳಸಿದವರ ಕೂಸುಗಳ ತೂಕ ಗಮನಾರ್ಹವಾಗಿ ಹೆಚ್ಚಲಿಲ್ಲ. ಬಸಿರಾದ ಮೇಲೆ ಒಲೆ ಬದಲಿಸಿದರೆ ಅಷ್ಟರೊಳಗೆ ತಡವಾಗಿರುತ್ತದೆಯೋ, ಊರಿನ ಉಳಿದ ಹೊಗೆ ಲಾಭವನ್ನು ನುಂಗಿತೋ ಎಂಬ ಚರ್ಚೆ ನಡೆದಿದೆ. ಮಾಲಿನ್ಯ ತಗ್ಗಿಸಿದೊಡನೆ ಆರೋಗ್ಯ ಕೈಗೆ ಬರುತ್ತದೆ ಎನ್ನುವವರು ಇದನ್ನು ಮರೆಯಬಾರದು.

ಕೆಲಸದ ಜಾಗದ ಕತೆ ನಮಗೆ ಚೆನ್ನಾಗಿಯೇ ಗೊತ್ತಿರಬೇಕು. ಕೋಲಾರದ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲಿ ತಪಾಸಣೆಗೊಳಗಾದ ಕಾರ್ಮಿಕರಲ್ಲಿ ಶೇ 40ಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಕಲ್ಲು ಕೊರೆದ ನುಣ್ಣನೆ ದೂಳು ಒಳಗೆ ಸೇರಿ ಗಂಟುಗಳಾಗಿ, ಶ್ವಾಸಕೋಶ ಕಲ್ಲಿನಂತೆ ಬಿಗಿಯುವ ರೋಗ ಅದು. ಗಣಿ 2001ರಲ್ಲಿ ಮುಚ್ಚಿತು. ಕ್ರಷರ್, ಕಲ್ಲು ಕ್ವಾರಿಗಳು ಮುಚ್ಚಲಿಲ್ಲ.

ಟಿಬಿಯನ್ನೂ ಈ ಪಟ್ಟಿಗೆ ಸೇರಿಸಬೇಕು. ಗುಳಿಗೆ ಮುಗಿದು ‘ಗುಣಮುಖ’ ಎಂದು ಬರೆಸಿಕೊಂಡು ಹೋದವರಲ್ಲಿ ಅನೇಕರಿಗೆ ಕಲೆ ಉಳಿದು ದಮ್ಮು ಶುರುವಾಗುತ್ತದೆ. ಕೋವಿಡ್ ಕೂಡ ಗುರುತು ಬಿಟ್ಟಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ (ಸಿಎಂಸಿ) ಚೇತರಿಸಿಕೊಂಡ 207 ಮಂದಿಯನ್ನು ಪರೀಕ್ಷಿಸಿದಾಗ ಶೇ 44ರಷ್ಟು ಜನರಲ್ಲಿ ಆಮ್ಲಜನಕ ರಕ್ತಕ್ಕೆ ದಾಟುವ ಸಾಮರ್ಥ್ಯ ಕುಂದಿತ್ತು. ಆದರೆ ಕೋವಿಡ್‌ಗೆ ಮುಂಚೆ ಅವರ ಸ್ಥಿತಿ ಹೇಗಿತ್ತು ಎಂದು ಹೋಲಿಸಲು ಯಾವ ಅಳತೆಯೂ ಇರಲಿಲ್ಲ. ಮತ್ತೆ ಅದೇ ಕೊರತೆ.

ಇಷ್ಟೆಲ್ಲ ಕಾರಣಗಳು ಒಬ್ಬರಲ್ಲೇ ಕೂಡಿಕೊಳ್ಳಬಹುದು. ಹೀಗಾಗಿ ‘ನೇರ’ ಎಂಬ ಪದ ಕಷ್ಟಕ್ಕೆ ಸಿಕ್ಕುತ್ತದೆ. ಐದು ಜನ ಸೇರಿ ತಳ್ಳಿದ ಗಾಡಿಯಲ್ಲಿ ಯಾರ ಬಲ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ, ಹಾಗೆಂದು ಯಾರೂ ತಳ್ಳಲಿಲ್ಲ ಎನ್ನಲಾಗದು.

ನಮ್ಮ ಶ್ವಾಸಕೋಶ ಹುಟ್ಟಾ ಚಿಕ್ಕದೇ?

ವೈದ್ಯರ ನಡುವೆಯೇ ಇರುವ ಒಂದು ಜಗಳ ಹೊರಗಿನವರಿಗೆ ಅಷ್ಟಾಗಿ ತಿಳಿಯದು. 17 ದೇಶಗಳ, ಸೇದುವ ಅಭ್ಯಾಸವಿಲ್ಲದ 38 ಸಾವಿರಕ್ಕೂ ಹೆಚ್ಚು ಆರೋಗ್ಯವಂತರನ್ನು ಅಳೆದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರ ಎಫ್‌ಇವಿ1, ಎತ್ತರ–ವಯಸ್ಸು ಸರಿದೂಗಿಸಿದ ಮೇಲೂ, ಉತ್ತರ ಅಮೆರಿಕ ಮತ್ತು ಯುರೋಪಿನವರಿಗಿಂತ ಶೇ 31ರಷ್ಟು ಕಡಿಮೆ ಇತ್ತು. ಇದು ವಂಶದ ಗುಣ, ಆದ್ದರಿಂದ ಭಾರತೀಯರಿಗೆ ಪ್ರತ್ಯೇಕ ಮಾನದಂಡ ಬೇಕು ಎಂಬುದು ಒಂದು ಪಕ್ಷ. ಪ್ರತ್ಯೇಕ ಮಾನದಂಡವೆಂದರೆ ಹಸಿವು, ಹೊಗೆಗಳಿಂದಾದ ಕುಗ್ಗುವಿಕೆಯನ್ನೇ ‘ಸಹಜ’ ಎಂದು ಮುದ್ರೆಯೊತ್ತಿದಂತೆ ಎಂಬುದು ಇನ್ನೊಂದು. ಶ್ವಾಸಕೋಶ ತಜ್ಞರ ಸಂಘವಾದ ಅಮೆರಿಕದ ಥೊರಾಸಿಕ್ ಸೊಸೈಟಿ 2023ರಲ್ಲಿ ಜನಾಂಗವಾರು ಮಾನದಂಡ ಬಿಟ್ಟು ಎಲ್ಲರಿಗೂ ಒಂದೇ ಸೂತ್ರ ಬಳಸಿ ಎಂದು ಸೂಚಿಸಿತು.

ನಡುವೆ ಬೆಳಕು ಚೆಲ್ಲಿದ್ದು ದಕ್ಷಿಣ ಭಾರತದ ಶಾಲಾ ಮಕ್ಕಳನ್ನು ಬ್ರಿಟನ್ನಿನ ಭಾರತೀಯ ಮೂಲದ ಮಕ್ಕಳೊಂದಿಗೆ ಹೋಲಿಸಿದ, 2015ರಲ್ಲಿ ಪ್ರಕಟವಾದ ಅಧ್ಯಯನ. ಇಲ್ಲಿನ ನಗರದ ಮಕ್ಕಳ ಸಾಮರ್ಥ್ಯ ಬ್ರಿಟನ್ನಿನ ಭಾರತೀಯ ಮಕ್ಕಳಷ್ಟೇ ಇತ್ತು. ಅರೆಪಟ್ಟಣ ಮತ್ತು ಹಳ್ಳಿಯ ಮಕ್ಕಳದ್ದು ಕಡಿಮೆ. ವಂಶ ಒಂದೇ ಆದರೂ ವ್ಯತ್ಯಾಸ ಬಂತೆಂದರೆ ಅಲ್ಲಿ ಬದುಕಿನ ಕೈವಾಡವಿದೆ. ನಗರದ ಗಾಳಿ ಕೆಟ್ಟದ್ದು, ಹಳ್ಳಿಯದು ಅಮೃತ ಎಂಬ ನಮ್ಮ ಇಷ್ಟದ ಕಲ್ಪನೆಗೂ ಇದು ಪೆಟ್ಟು ಕೊಡುತ್ತದೆ. ಊಟ ಮತ್ತು ಒಲೆ ಎರಡೂ ಹಳ್ಳಿಯ ಮಗುವಿನ ಎದೆಯೊಳಗೆ ಕೂತಿವೆ.

ಕುಗ್ಗಿದರೆ ಆಗುವುದೇನು

ಶ್ವಾಸಕೋಶಕ್ಕೆ ದೊಡ್ಡ ದಾಸ್ತಾನು ಇದೆ. ಬಿಡಿಸಿ ಹಾಸಿದರೆ ಹೆಚ್ಚುಕಡಿಮೆ ಒಂದು ಬ್ಯಾಡ್ಮಿಂಟನ್ ಕೋರ್ಟ್‌ನಷ್ಟು ಹರಹು. ಸುಮ್ಮನೆ ಕೂತಾಗ ಅದರಲ್ಲಿ ಬಳಕೆಯಾಗುವುದು ಸ್ವಲ್ಪವೇ. ಆದ್ದರಿಂದ ಕಾಲು ಭಾಗ ಕಳೆದರೂ ಮನುಷ್ಯನಿಗೆ ಗೊತ್ತಾಗುವುದಿಲ್ಲ. ಹಾನಿ ಮೊದಲು ಆಗುವ ಎರಡು ಮಿಲಿಮೀಟರ್‌ಗಿಂತ ಸಣ್ಣ ನಾಳಗಳನ್ನು ವೈದ್ಯರು ‘ಮೌನ ವಲಯ’ ಎಂದೇ ಕರೆಯುತ್ತಾರೆ. ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ‘ವಯಸ್ಸಾಯ್ತು’, ‘ದಪ್ಪ ಆಗಿದೀನಿ’ ಎಂದುಕೊಂಡು ಲಿಫ್ಟ್ ಹಿಡಿಯುತ್ತೇವೆ. ಓಡಾಟ ಕಡಿಮೆಯಾದಂತೆ ತೊಡೆಯ ಸ್ನಾಯು ಸವೆಯುತ್ತದೆ, ಸವೆದಂತೆ ಇನ್ನೂ ಬೇಗ ದಮ್ಮು ಬರುತ್ತದೆ. ಕೊನೆಗೆ ಒಂದು ನ್ಯುಮೋನಿಯಾ ಬಂದು ಆಸ್ಪತ್ರೆ ಸೇರಿದಾಗಲೇ ದಾಸ್ತಾನು ಖಾಲಿ ಎಂದು ತಿಳಿಯುವುದು. ಅಲ್ಲಿಯೂ ಇನ್ಹೇಲರ್ ಬರೆದುಕೊಟ್ಟರೆ ‘ಪಂಪು ಚಟವಾಗುತ್ತೆ’ ಎಂದು ಬಿಸಾಡುವವರು ಇದ್ದಾರೆ.

ಇದು ಎದೆಗೂಡಿನೊಳಗೇ ಮುಗಿಯುವುದಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದ ನಡೆದ ಪ್ರಖ್ಯಾತ ಹೃದಯ ಅಧ್ಯಯನದಲ್ಲಿ, ಹೃದ್ರೋಗವನ್ನು ಮತ್ತು ಸಾವನ್ನು ಮುನ್ಸೂಚಿಸಿದ ಅಳತೆಗಳಲ್ಲಿ ಶ್ವಾಸಕೋಶದ ಸಾಮರ್ಥ್ಯವೂ ಒಂದಾಗಿತ್ತು. ಎಂದೂ ಸೇದದವರಲ್ಲೂ ಈ ನಂಟು ಬೇರೆ ಅಧ್ಯಯನಗಳಲ್ಲಿ ಕಂಡಿದೆ. ಒಳಗಿನ ಉರಿಯೂತ ರಕ್ತನಾಳಗಳಿಗೂ ಹರಡುವುದು, ಆಮ್ಲಜನಕ ಕಡಿಮೆಯಾಗಿ ಹೃದಯದ ಬಲಭಾಗದ ಮೇಲೆ ಒತ್ತಡ ಬೀಳುವುದು, ಬಾಲ್ಯದಲ್ಲಿ ಶ್ವಾಸಕೋಶ ಕುಂಠಿತಗೊಳಿಸಿದ ಕಾರಣಗಳೇ ಬೇರೆ ಅಂಗಗಳನ್ನೂ ಬಡವಾಗಿಸಿರುವುದು, ಹೀಗೆ ಹಲವು ದಾರಿಗಳಿವೆ. ಹಚಿನ್ಸನ್ನನ ‘ಜೀವಸಾಮರ್ಥ್ಯ’ ಎಂಬ ಹೆಸರು ಆತ ಅಂದುಕೊಂಡಿದ್ದಕ್ಕಿಂತ ಹೆಚ್ಚು ನಿಜವಾಯಿತು.

ಒಂದು ವಾಕ್ಯದ ಪರಿಣಾಮ

ಸಂಸತ್ತಿನ ಉತ್ತರ ಕಾಗದದ ಮಾತಷ್ಟೇ ಆಗಿ ಉಳಿಯುವುದಿಲ್ಲ. ಭಾರತದ ವಾರ್ಷಿಕ ಪಿಎಂ 2.5 ಮಿತಿ ಘನ ಮೀಟರ್‌ಗೆ 40 ಮೈಕ್ರೋಗ್ರಾಂ, ಅದನ್ನು ನಿಗದಿ ಮಾಡಿದ್ದು 2009ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 5. ಹಾನಿಗೆ ಪುರಾವೆಯಿಲ್ಲ ಎಂಬ ನಿಲುವು ಇರುವವರೆಗೆ ಮಿತಿಯನ್ನು ಬಿಗಿಗೊಳಿಸಲು ಒತ್ತಡ ಹುಟ್ಟುವುದಿಲ್ಲ. ಬೆಂಗಳೂರು ಆ 40ರೊಳಗೆ ಬಂದ ವರ್ಷವೂ ‘ಪರವಾಗಿಲ್ಲ’ದ ಊರು ಅನ್ನಿಸಿಕೊಳ್ಳುತ್ತದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ನಗರಗಳ ಸಾಧನೆಯನ್ನು ಮುಖ್ಯವಾಗಿ ಪಿಎಂ 10, ಎಂದರೆ ದಪ್ಪ ದೂಳಿನ ಇಳಿಕೆಯಲ್ಲಿ ಅಳೆಯಿತು. ಹೀಗಾದರೆ ರಸ್ತೆಗೆ ನೀರು ಚಿಮುಕಿಸುವ ಲಾರಿ ಕೊಳ್ಳುವುದು ಸುಲಭದ ದಾರಿಯಾಗುತ್ತದೆ. ಗಾಳಿಗೂಡಿಗೆ ಇಳಿಯುವ ಸೂಕ್ಷ್ಮ ಕಣ ಅಲ್ಲೇ ಉಳಿಯುತ್ತದೆ.

ಪರಿಹಾರದ ಪ್ರಶ್ನೆಯೂ ಇದೆ. ಸಿಲಿಕೋಸಿಸ್ ಕಾನೂನಿನಲ್ಲಿ ಪಟ್ಟಿಯಾಗಿರುವ ಔದ್ಯೋಗಿಕ ರೋಗ. ಇದೇ ಕ್ವಾರಿಯ ಇದೇ ದೂಳಿನ ಕಣ ಎಂದು ಕಾರ್ಮಿಕ ಸಾಬೀತು ಮಾಡಬೇಕಿಲ್ಲ, ಕೆಲಸದ ಇತಿಹಾಸ ಮತ್ತು ಎದೆಯ ಎಕ್ಸ್‌ರೇ ಮುಖ್ಯ ಆಧಾರ. ‘ನೇರ ಸಂಬಂಧ’ದ ಗೊಡವೆಯನ್ನು ಕಾನೂನು ಅಲ್ಲಿ ಜಾಣತನದಿಂದ ದಾಟಿದೆ. ಇಪ್ಪತ್ತೈದು ವರ್ಷ ವೃತ್ತದಲ್ಲಿ ನಿಂತು ಸೀಟಿ ಊದಿದ ಸಂಚಾರ ಪೊಲೀಸರಿಗೆ, ಆಟೊ ಚಾಲಕರಿಗೆ ಅಂಥ ದಾರಿ ಇಲ್ಲ. ಲಂಡನ್ನಿನಲ್ಲಿ ಆಸ್ತಮಾದಿಂದ ತೀರಿಕೊಂಡ ಒಂಬತ್ತು ವರ್ಷದ ಬಾಲಕಿಯ ಮರಣ ಕಾರಣಗಳಲ್ಲಿ ವಾಯುಮಾಲಿನ್ಯವನ್ನೂ 2020ರಲ್ಲಿ ಅಲ್ಲಿನ ಮರಣ ವಿಚಾರಣಾಧಿಕಾರಿ ದಾಖಲಿಸಿದರು. ಒಬ್ಬ ವ್ಯಕ್ತಿಯ ಮಟ್ಟದಲ್ಲಿ ಸಂಬಂಧ ತೋರಿಸಲಾಗದು ಎಂಬ ಮಾತು ಅಲ್ಲಿಗೆ ಸಡಿಲವಾಯಿತು. ಅದು ಸಾಧ್ಯವಾದದ್ದು ಆಸ್ಪತ್ರೆಗೆ ಸೇರಿದ ದಿನಗಳ ದಾಖಲೆ ಮತ್ತು ಹತ್ತಿರದ ಗಾಳಿಯ ಅಳತೆ ಎರಡೂ ಇದ್ದುದರಿಂದ.

ನಮ್ಮಲ್ಲಿ ಗಾಳಿಯ ಅಳತೆ ಈಗ ಸಾಕಷ್ಟಿದೆ. ಇನ್ನೊಂದು ತುದಿ ಖಾಲಿ. ಬಿಪಿ, ಶುಗರ್ ನೋಡಿಸಿಕೊಳ್ಳಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬಹುದು. ಒಮ್ಮೆ ಸರಿಯಾಗಿ ಊದಿ ನೋಡಬೇಕೆಂದರೆ ಸಾಮಾನ್ಯವಾಗಿ ದೊಡ್ಡಾಸ್ಪತ್ರೆಗೋ ಮೆಡಿಕಲ್ ಕಾಲೇಜಿಗೋ ಹೋಗಬೇಕು. ಶಾಲಾ ತಪಾಸಣೆಯಲ್ಲಿ ಎತ್ತರ, ತೂಕ, ಕಣ್ಣು, ಹಲ್ಲು ನೋಡುತ್ತಾರೆ.

2002–05ರಲ್ಲಿ ದೆಹಲಿಯ ಆ 36 ಶಾಲೆಗಳಲ್ಲಿ ಹತ್ತು ವರ್ಷದವರಾಗಿದ್ದ ಮಕ್ಕಳಿಗೆ ಈಗ ಮೂವತ್ತು ದಾಟಿದೆ. ಶಿಖರ ಕಳೆದು ಅವರು ಇಳಿಜಾರಿನಲ್ಲಿದ್ದಾರೆ. ಅವರಲ್ಲಿ ಸಾವಿರ ಮಂದಿಯನ್ನು ಹುಡುಕಿ, ಮೂಗಿಗೆ ಕ್ಲಿಪ್ ಹಾಕಿ, ಇನ್ನೊಂದು ಸಲ ಆರು ಸೆಕೆಂಡು ಊದಿಸಿದರೆ ಸಾಕು, ಇಲ್ಲ ಎಂದ ದತ್ತಾಂಶದ ಮೊದಲ ಪುಟ ಸಿದ್ಧವಾಗುತ್ತದೆ.